ಪ್ರೋಬ್ ಇಲ್ಲದ ಜಾಗ

ನಲವತ್ತೆರಡು ಪಾಯಿಂಟ್ ಒಂದು. ಪರದೆಯ ಮೇಲೆ ಹಸಿರಾಗಿ ನಿಂತ ಆ ಅಂಕಿಯನ್ನು ನೋಡುತ್ತ ಸೋನಾಲಿಗೆ ಹೊಟ್ಟೆ ಉರಿಯಿತು. ಬೆಳಿಗ್ಗೆ ಇದೇ ಮಂಚದ ಮೇಲೆ ರಾಯಬಾಗದ ಶಾಲೆಯ ಅಕ್ಕೋರೊಬ್ಬರು ಮಲಗಿದ್ದರು. ಎದೆಯ ಗಂಟಿಗೆ ಎಷ್ಟು ಕಾವು ಕೊಟ್ಟರೂ ಒಳಗಿನ ಅಂಕಿ ಬಹಳ ಹೊತ್ತು ನಲವತ್ತು ದಾಟಲಿಲ್ಲ. ಕೊನೆಗೆ ದಾಟಿದಾಗ ಅವರು ತಡೆಯಲಾರದೆ ಅತ್ತುಬಿಟ್ಟರು, ಯಂತ್ರ ನಿಲ್ಲಿಸಬೇಕಾಯಿತು. ಒಳ್ಳೆಯವರ ಮೈ ಹೀಗೆ ಕಾಡುತ್ತದೆ. ಈ ಮನುಷ್ಯನ ಮಾಂಸ ಮಾತ್ರ ಬಂದು ಮಲಗಿದ ಹತ್ತೇ ನಿಮಿಷಕ್ಕೆ ಹೇಳಿದ ಮಾತು ಕೇಳುತ್ತದೆ, ಬೇಕಾದಷ್ಟೇ ಕಾಯುತ್ತದೆ, ಬೇಕಾದಲ್ಲೇ ನಿಲ್ಲುತ್ತದೆ. ದೇವರು ಇದ್ದಾನೆ ಎನ್ನುವವರನ್ನೆಲ್ಲ ಕರೆತಂದು ಒಂದು ತಾಸು ಈ ಪರದೆಯ ಮುಂದೆ ಕೂಡ್ರಿಸಬೇಕು, ಆಮೇಲೆ ಅವರು ಏನು ಹೇಳುತ್ತಾರೋ ಕೇಳೋಣ, ಎಂದುಕೊಂಡಳು. ಫಾರ್ಮಿನಲ್ಲಿ ಹೊತ್ತು ಬರೆದಳು, ನಾಲ್ಕು ಅಂಕಿ ಬರೆದಳು, ಕೊನೆಯ ಕಾಲಮ್ಮಿಗೆ ಬಂದು ತಲೆಯೆತ್ತದೆ ಕೇಳಿದಳು.

"ಹೆಂಗ ಅನಸ್ತೈತ್ರಿ?"

"ನಡೀತೈತಿ," ಎಂದ ಮುರಗೆಪ್ಪ.

ಚಿಕ್ಕೋಡಿಯ ಈ ದವಾಖಾನೆಯಲ್ಲಿ ಎಲ್ಲರೂ ಕಾವು ಕೊಡುವ ಈ ಕೋಣೆಯನ್ನು ಶೇಕದ ಖೋಲಿ ಎನ್ನುತ್ತಾರೆ. ಬೋರ್ಡಿನ ಮೇಲೆ ಬರೆದ ಇಂಗ್ಲಿಷ್ ಹೆಸರು ಡಾಕ್ಟರರ ನಾಲಿಗೆಗೂ ಸರಿಯಾಗಿ ಹತ್ತಿಲ್ಲ. ಶೇಕದ ಖೋಲಿಗೆ ಶೀತಲ ಅಂತ ಡಾಕ್ಟರು, ಊರ ಜನ ನಗಲಿಕ್ಕೆ ಅಷ್ಟು ಸಾಕು. ಕೆಲಸ ಹೇಳಿದರೆ ಸರಳ. ಕ್ಯಾನ್ಸರಿನ ಗಂಟಿನ ಮೇಲೆ ತಣ್ಣೀರಿನ ಚೀಲ ಇಟ್ಟು, ಅದರ ಮೇಲೆ ಮೈಕ್ರೋವೇವಿನ ತಟ್ಟೆ ಇಳಿಸಿ, ಒಳಗಿನ ಗಂಟನ್ನು ನಲವತ್ತೊಂದರಿಂದ ನಲವತ್ಮೂರು ಡಿಗ್ರಿಯ ನಡುವೆ ಒಂದು ತಾಸು ಹಿಡಿದಿಡುವುದು. ಕಾದ ಗಂಟು ಸೋಲುತ್ತದೆ, ಆಮೇಲೆ ಜನ ಕರೆಂಟು ಎನ್ನುವ ವಿಕಿರಣ ಕೊಟ್ಟರೆ ಬೇಗ ಸಾಯುತ್ತದೆ. ನಲವತ್ತೊಂದಕ್ಕಿಂತ ಕೆಳಗೆ ಬಿದ್ದರೆ ಮಾಡಿದ್ದೆಲ್ಲ ದಂಡ. ನಲವತ್ನಾಲ್ಕು ದಾಟಿದರೆ ಒಳ್ಳೆಯ ಮಾಂಸ ಬೇಯುತ್ತದೆ. ಅದಕ್ಕೇ ದಾರದಷ್ಟು ತೆಳುವಾದ ನಾಲ್ಕು ಪ್ರೋಬು. ಒಂದು ಗಂಟಿನ ಒಳಗೆ ನಳಿಕೆಯಲ್ಲಿ, ಮೂರು ಚರ್ಮದ ಮೇಲೆ. ಅವು ಕ್ಷಣಕ್ಷಣದ ಕಾವನ್ನೂ ಪರದೆಗೆ ಹೇಳುತ್ತವೆ, ಪರದೆ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ. ಚಾಡಿಕೋರ ಯಂತ್ರ. ಮೊದಲ ದಿನ ಫೈಲಿನಲ್ಲಿ ಮುರಗೆಪ್ಪ, ದಿಗ್ಗೇವಾಡಿ, ವಯಸ್ಸು ಅರವತ್ತೆಂಟು, ಎಡಗೊರಳಿನ ಗಂಟು ಎಂದು ಓದಿ, ಬಾಗಿಲಲ್ಲಿ ಆ ಅಗಲ ಹಣೆ, ಆ ಸೋರುವ ಎಡಗಣ್ಣು ಕಂಡಾಗ ಅವಳ ಕೈ ತಾನಾಗಿ ಕಾವು ಏರಿಸುವ ಗುಂಡಿಯ ಕಡೆ ಹೋಗಿತ್ತು. ಬರೀ ಮೂರು ಡಿಗ್ರಿ, ಹತ್ತು ನಿಮಿಷ. ಆದರೆ ಯಂತ್ರ ಬರೆದುಕೊಳ್ಳುತ್ತದೆ ಎಂದು ನೆನಪಾಗಿ ಕೈ ಹಿಂದೆ ಬಂತು. ತಾನು ಒಳ್ಳೆಯವಳೆಂದು ಹಿಂದೆ ಬರಲಿಲ್ಲ ಅದು, ಸಿಕ್ಕಿಬೀಳುತ್ತೇನೆಂದು ಬಂತು. ಆ ನಾಚಿಕೆಯೂ ಸೇರಿ ಸಿಟ್ಟು ಎರಡರಷ್ಟಾಯಿತು. ಇವತ್ತು ನಾಲ್ಕನೆಯ ಸಲ. ಮೂರು ಸಲವೂ ಅವಳು ಅವನಿಗೆ ಅಪ್ಪಟ ನಲವತ್ತೆರಡು ಕೊಟ್ಟಿದ್ದಾಳೆ, ಡಾಕ್ಟರ್ ಶೀತಲ ಆ ಕಾಗದಗಳನ್ನು ಕಾಲೇಜು ಹುಡುಗರಿಗೆ ತೋರಿಸಲೆಂದು ಎತ್ತಿಟ್ಟಿದ್ದಾರೆ.

"ಇದೇನಿದು ಸೋನಾಲಿ, ಎಲ್ಲಾ ಕಡೆ ನಡೀತೈತಿ ಅಂತ ಬರದೀ?" ಎಂದು ಹೋದ ವಾರ ಅವರು ಕಾಲಮ್ಮಿನ ಮೇಲೆ ಪೆನ್ನಿಟ್ಟು ನಕ್ಕಿದ್ದರು. ರೋಗಿಯ ಹೇಳಿಕೆ ಎಂಬ ಕಾಲಮ್ಮು ಅದು. ಐದೈದು ನಿಮಿಷಕ್ಕೆ ಕೇಳಿ ಅವನ ಬಾಯಿಂದ ಬಂದದ್ದನ್ನೇ ಬರೆಯಬೇಕು. "ನಡೀತೈತಿ ಅಂದ್ರ ಬ್ಯಾನಿ ಐತಿ ಅಂತನೋ, ಇಲ್ಲ ಅಂತನೋ?" ಅವಳಿಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ. ನಡೀತೈತಿ ಅಂದರೆ ನಡೆಯುತ್ತದೆ ಅಂತ ಅಷ್ಟೇ. ಯಾರ ಮೇಲೆ ನಡೆಯುತ್ತದೆ, ಯಾರನ್ನು ತುಳಿದು ನಡೆಯುತ್ತದೆ ಎಂಬುದು ಹೇಳುವವನ ಮೇಲೆ ನಿಂತದ್ದು. ಅವಳು ಆ ಮಾತನ್ನು ಮೊದಲ ಸಲ ಕೇಳಿದ್ದು ಇದೇ ಬಾಯಿಂದ, ಒಂಬತ್ತು ವರ್ಷದವಳಿದ್ದಾಗ, ಮೇ ತಿಂಗಳ ಸುಡುಮಧ್ಯಾಹ್ನ, ದಿಗ್ಗೇವಾಡಿಯ ಅವನ ತೋಟದ ಪಡಸಾಲೆಯ ಮುಂದೆ. ಅವನೇ ಕರೆಸಿದ್ದ. ಕಬ್ಬು ಕಡಿದ ಹೊಲಕ್ಕೆ ಗೊಬ್ಬರವಾಗಲಿ, ನಾಲ್ಕು ರಾತ್ರಿ ಕುರಿ ಕೂಡಿಸು ಮಲಕಾರಿ ಎಂದು ಅಪ್ಪನಿಗೆ ಆಳು ಕಳಿಸಿದ್ದ. ನಾಲ್ಕನೆಯ ದಿನ ಬೆಳಿಗ್ಗೆ ಮಂದೆ ಬದು ದಾಟಿ ದ್ರಾಕ್ಷಿ ಪಡಕ್ಕೆ ನುಗ್ಗಿ, ಚಾಟಣಿ ಮಾಡಿ ಬಳ್ಳಿ ಕತ್ತರಿಸಿದ ಮೇಲೆ ಹೊಸದಾಗಿ ಚಿಗುರಿದ್ದನ್ನು ಎರಡು ಸಾಲು ತಿಂದುಬಿಟ್ಟಿತು. ತಪ್ಪು ಹೌದು. ಅಪ್ಪ ತನ್ನದೇ ತಪ್ಪೆಂದು ಅಡ್ಡಬಿದ್ದ. ಮುರಗೆಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಆಳುಗಳನ್ನು ಕರೆದು ಇಡೀ ಮಂದೆಯನ್ನು ದ್ರಾಕ್ಷಿಯನ್ನು ಮಣೂಕವಾಗಿ ಒಣಗಿಸುವ ಪತ್ರಾದ ಶೆಡ್ಡಿಗೆ ಹೊಡೆಸಿದ, ನಾಲ್ಕೂ ಕಡೆ ತಗಡು, ಮೇಲೆ ತಗಡು, ಬಾಗಿಲಿಗೆ ಕೀಲಿ ಹಾಕಿಸಿ ಕೀಲಿಕೈಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತ. ಹನ್ನೊಂದಕ್ಕೆ. ಹನ್ನೆರಡಕ್ಕೆ ಒಳಗಿನ ಕೂಗು ಬೇರೆಯಾಯಿತು. ಅಪ್ಪ ರುಮಾಲು ಬಿಚ್ಚಿ ಅವನ ಕಾಲ ಮೇಲೆ ಇಟ್ಟು, ಸುಡಾಕತ್ತೈತ್ರಿ ಸಾವಕಾರ್ರ, ಜೀವದ ಪ್ರಾಣಿ ಸುಡಾಕತ್ತಾವ್ರಿ, ಎಂದ. ಅವನು ಅಡಕೆ ಕತ್ತರಿಸುತ್ತ ಹೇಳಿದ: "ನಡೀತೈತಿ ಬಿಡೋ. ಕುರಿಗೇನ ಬಿಸಲ ಹೊಸಾದೇನ?"

"ಏನಂದಿ ತಂಗಿ?" ಮಂಚದ ಮೇಲಿನಿಂದ ಮುರಗೆಪ್ಪ ಕೇಳಿದ.

"ಏನೂ ಅಂದಿಲ್ರಿ. ಅಲಗಾಡಬ್ಯಾಡ್ರಿ."

ಇಲ್ಲಿ ಗಂಡಸರನ್ನೆಲ್ಲ ಕಾಕಾ, ಹೆಂಗಸರನ್ನೆಲ್ಲ ಮಾವಶಿ ಎನ್ನಬೇಕೆಂದು ದವಾಖಾನೆಯವರ ಕಟ್ಟಪ್ಪಣೆ. ಅವಳ ಬಾಯಿಗೆ ಅದು ಸಲೀಸು. ಇವನೊಬ್ಬನಿಗೆ ಮಾತ್ರ ಬರೀ ಒಂದು 'ರಿ' ಹಚ್ಚಿ ಬಿಡುತ್ತಾಳೆ. ಅವನ ಮೈ ಮುಟ್ಟುವುದೂ ಹಾಗೆಯೇ. ಉಳಿದ ರೋಗಿಗಳಿಗೆ ಅವಳು ಕೈಗವಸು ತೆಗೆದು, ಬೆರಳ ಹಿಂಬದಿಯಿಂದ ಕಿವಿಯ ಬುಡ ಮುಟ್ಟಿ ನೋಡುತ್ತಾಳೆ. ಕುರಿಗೆ ಜ್ವರ ಬಂದದ್ದನ್ನು ಅಪ್ಪ ಕಿವಿ ಹಿಡಿದೇ ಹೇಳುತ್ತಿದ್ದ, ಅವನಿಂದ ಬಂದ ರೂಢಿ. ಸೋನಾಲಿ ಕಿವಿ ಹಿಡಿದರೆ ಪ್ರೋಬು ದಂಡ ಎಂದು ಡಾಕ್ಟರು ಚೇಷ್ಟೆ ಮಾಡುತ್ತಾರೆ. ಇವನ ಕಿವಿಯನ್ನು ಅವಳು ಮುಟ್ಟಿಲ್ಲ, ಕೈಗವಸು ತೆಗೆದಿಲ್ಲ. ಇವತ್ತು ಮಲಗಿಸುವಾಗ ಮೈಮೇಲೆ ಲೋಹ ಏನರ ಐತೇನ್ರಿ ಎಂದು ಕೇಳಿದಳು, ಇಲ್ಲ ಎಂದ. ಲಿಂಗದ ಬೆಳ್ಳಿ ಕರಡಿಗೆಯನ್ನು ಎಂದಿನಂತೆ ಕೊರಳಿಂದ ತೆಗೆದು, ತಟ್ಟೆಯಿಂದ ದೂರ, ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಅದಕ್ಕೆ ಡಾಕ್ಟರರ ಒಪ್ಪಿಗೆ ಇದೆ. ಕೊರಳ ಹಿಂದೆ ಕೈ ಹಾಕಿ ಒಮ್ಮೆ ಸವರಿ ನೋಡಬೇಕೆಂಬುದು ನಿಯಮ. ಅವಳು ಸವರಲಿಲ್ಲ. ಅಸಹ್ಯಕ್ಕೆ ಸವರಲಿಲ್ಲ.

ಹನ್ನೆರಡನೆಯ ನಿಮಿಷಕ್ಕೆ ಅವನು ಕೆಮ್ಮಿದ. ಕೆಮ್ಮಿದಾಗ ಕೊರಳ ಹಿಂದೆ ದಿಂಬಿನ ಸಂದಿಯಿಂದ ಒಂದು ಕರಿದಾರ ಸರಿಯಿತು, ದಾರದ ತುದಿಗಿದ್ದದ್ದು ಉರುಳಿ ಬಂದು ಕೊರಳೆಲುಬಿನ ತಗ್ಗಿನಲ್ಲಿ, ನೀರಿನ ಚೀಲದ ಅಂಚಿನ ಅಡಿ ಸೇರಿತು. ಅರ್ಧ ಬೆರಳಿನಷ್ಟು ಉದ್ದದ ತಾಮ್ರದ ತಾಯತ. ಸೋನಾಲಿ ಕುರ್ಚಿಯಿಂದ ಅರ್ಧ ಎದ್ದಳು. ಲೋಹ ಅಲ್ಲಿದ್ದರೆ ತಟ್ಟೆಯಿಂದ ಬರುವ ಕಾವೆಲ್ಲ ಅದರ ಸುತ್ತ ಕೂಡುತ್ತದೆ, ಅಂಚಿನಲ್ಲಿ ಚೀಲದ ತಂಪೂ ನೆಟ್ಟಗೆ ಮುಟ್ಟುವುದಿಲ್ಲ, ಅಲ್ಲಿಯ ಚರ್ಮ ಬೇಯುತ್ತದೆ. ತಕ್ಷಣ ನಿಲ್ಲಿಸಿ, ತೆಗೆದು, ಬರೆದು, ಮತ್ತೆ ಶುರುಮಾಡಬೇಕು. ಕೈ ಗುಂಡಿಯವರೆಗೂ ಹೋಯಿತು. ಅಷ್ಟರಲ್ಲಿ ಅವಳ ಕಣ್ಣು ಪರದೆಯ ಮೇಲೆ ಬಿತ್ತು. ನಲವತ್ತೆರಡು ಪಾಯಿಂಟ್ ಎರಡು, ನಲವತ್ತೊಂದು ಪಾಯಿಂಟ್ ಒಂಬತ್ತು, ಮೂವತ್ತೊಂಬತ್ತು, ಮೂವತ್ತೊಂಬತ್ತು. ಚರ್ಮಕ್ಕೆ ಅಷ್ಟು ಸಾಕು, ನಾಲ್ಕೂ ಹಸಿರು. ಆ ತಗ್ಗಿನಲ್ಲಿ ಪ್ರೋಬ್ ಇಲ್ಲ. ಚಾಡಿಕೋರನಿಗೆ ಅಲ್ಲಿ ಕಣ್ಣಿಲ್ಲ. ಅವಳು ಮತ್ತೆ ಕುರ್ಚಿಯ ಮೇಲೆ ಕೂತಳು. ಕುರ್ಚಿಯ ಸಪ್ಪಳ ಅವನಿಗೆ ಕೇಳೀತೆಂದು ಅಂಜಿಕೆಯಾಯಿತು. ಅಂಜಿಕೆಯ ಅಡಿಯಲ್ಲಿ ಇದ್ದದ್ದು ಸಂತೋಷವೇ, ಬೇರೆ ಏನಲ್ಲ.

ತಾಯತ ಯಾರದೆಂದು ಕೇಳಬೇಕಾಗಿರಲಿಲ್ಲ. ಹೊರಗೆ ಬಾಕಿನ ಮೇಲೆ ಕೂತ ಅವನ ಹೆಂಡತಿ ಕಸ್ತೂರೆವ್ವ ಮೊನ್ನೆ ಕುಡಚಿಗೆ ಹೋಗಿ ಯಾರೋ ಅಜ್ಜನಿಂದ ಮಂತ್ರಿಸಿಕೊಂಡು ಬಂದೆ ಎಂದು ಗುಟ್ಟಿನಲ್ಲಿ ಎಂಬಂತೆ ಇಡೀ ಪಡಸಾಲೆಗೆ ಕೇಳಿಸುವಂತೆ ಹೇಳಿದ್ದಳು. ಹನ್ನೊಂದು ದಿನ ಕೊರಳಿಂದ ತೆಗೆಯಬಾರದಂತೆ. ಒಳ್ಳೆಯ ಹೆಂಗಸು, ಬಂದಾಗಲೆಲ್ಲ ಶೇಂಗಾ ಹೋಳಿಗೆ ತರುತ್ತಾಳೆ. "ಬಾಯಾರ, ನಮ್ಮವರು ಇರುವೀಗೂ ನೋವ ಮಾಡಿದವರಲ್ಲ ನೋಡ್ರಿ, ಇಂಥಾದ್ದ ಯಾಕ ಬಂತೋ ಅವರಿಗೆ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಾಗ ಸೋನಾಲಿ ಹೋಳಿಗೆಯ ಡಬ್ಬಿಯನ್ನು ಹಾಗೇ ನರ್ಸುಗಳ ಕಡೆ ದೂಡಿದ್ದಳು. ಆ ಮೇ ತಿಂಗಳಲ್ಲಿ ಕಸ್ತೂರೆವ್ವ ಅಥಣಿಯ ತವರಿನಲ್ಲಿದ್ದಳು. ಬಂದಾಗ ಕುರಿ ಬ್ಯಾನಿ ಬಂದು ಸತ್ತವು ಎಂದು ಕೇಳಿದ್ದಾಳೆ, ಊರೂ ಹಾಗೆಯೇ ಕೇಳಿದೆ, ಮುರಗೆಪ್ಪ ಹಾಗೆ ಹೇಳಿಸಿದ. ಅಪ್ಪ ಬಾಯಿ ತೆರೆಯಲಿಲ್ಲ. ಸಾವಕಾರರ ಮೇಲೆ ಮಾತಾಡಿದ ಕುರುಬನನ್ನು ಕೃಷ್ಣೆಯ ದಂಡೆಯ ಯಾವ ಹೊಲದಲ್ಲಿ ಕೂಡ್ರಲು ಬಿಡುತ್ತಾರೆ? ಈಗ ಮಲಕಾರಿ ಇನ್ನೊಬ್ಬರ ಕುರಿ ಕಾಯುತ್ತಾನೆ, ಬಾಗಿಲು ಹಾಕಿದ ಯಾವ ಖೋಲಿಯಲ್ಲೂ ಕೂಡ್ರುವುದಿಲ್ಲ. ಮಗಳ ಡಿಪ್ಲೊಮಾದ ಸಮಾರಂಭಕ್ಕೆ ಬಂದವನು ಸಭಾಗೃಹದ ಹೊರಗೆ ಬಿಸಿಲಲ್ಲಿ ನಿಂತೇ ಚಪ್ಪಾಳೆ ತಟ್ಟಿದ. ಗೆಳತಿಯರು ಯಾರವರು ಎಂದು ಕೇಳಿದಾಗ ಅವಳು ನಮ್ಮೂರಿನವರು ಎಂದಿದ್ದಳು. ಅದನ್ನೂ ಈ ಮಂಚದ ಮೇಲಿರುವವನ ಮೇಲೇ ಹಾಕಬೇಕು.

ಹದಿನೈದನೆಯ ನಿಮಿಷ.

"ಹೆಂಗ ಅನಸ್ತೈತ್ರಿ?"

ತಟ್ಟೆಯ ಈ ಕಡೆ ಕಾಣುತ್ತಿದ್ದ ಅವನ ದವಡೆಯ ಎಲುಬು ಒಮ್ಮೆ ಬಿಗಿಯಿತು. "ನಡೀತೈತಿ," ಎಂದ.

ಅವಳು ಬರೆದಳು. ಬಾಯಿಯ ಆಪರೇಶನ್ನಿನ ನಂತರ ಅವನ ಎಡಗೊರಳಿನ ಮೇಲ್ಭಾಗ ಜೋಮು ಹಿಡಿದಿದೆ, ಗಂಟಿನ ಮೇಲೆ ಸುಟ್ಟರೂ ಅವನಿಗೆ ತಿಳಿಯದು. ಅಲ್ಲಿ ಅವನ ಬದಲು ನೀನೇ ಲಕ್ಷ್ಯ ಇಡಬೇಕು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಆದರೆ ಕೊರಳೆಲುಬಿನ ತಗ್ಗು ಜೋಮು ಹಿಡಿದ ಜಾಗವಲ್ಲ. ಅಲ್ಲಿ ಅವನಿಗೆ ಎಲ್ಲರಂತೆ ಸುಡುತ್ತದೆ. ಸುಡುತ್ತಿದೆ. ಅವಳಿಗೆ ಬೇಕಾದದ್ದು ಬಹಳವೇನಲ್ಲ ಎಂದು ಈಗ ಸ್ಪಷ್ಟವಾಯಿತು. ಅವನು ಸಾಯುವುದು ಬೇಡ. ಸಾಯಲಿಕ್ಕೆ ಎಲ್ಲರೂ ಸಾಯುತ್ತಾರೆ, ಅದರಲ್ಲಿ ಏನು ಬಂತು. ಅವನ ಬಾಯಿಂದ ಒಂದು ಮಾತು ಹೊರಡಬೇಕು: ಸುಡಾಕತ್ತೈತಿ. ಅಪ್ಪ ಅಂದು ಹೇಳಿದ್ದನ್ನು ಅದೇ ಧ್ವನಿಯಲ್ಲಿ ಅವನು ಹೇಳಬೇಕು, ಹೇಳಿದ ಕೂಡಲೇ ತಾನು ಯಂತ್ರ ನಿಲ್ಲಿಸುತ್ತೇನೆ, ಅಯ್ಯೋ ತಾಯತ ಹಾಕ್ಕೊಂಡೀರಲ್ರಿ ಎಂದು ಬೈಯುತ್ತೇನೆ. ಒಂದು ಮಾತಿನ ಆಸೆ. ಅವನು ಅದನ್ನೂ ಕೊಡಲೊಲ್ಲ.

ಇಪ್ಪತ್ತನೆಯ ನಿಮಿಷಕ್ಕೂ ನಡೀತೈತಿ. ಇಪ್ಪತ್ತೈದಕ್ಕೂ. ಮುಷ್ಟಿಯಲ್ಲಿದ್ದ ಕರಡಿಗೆಯ ದಾರ ಅವನ ಬೆರಳುಗಳ ಸಂದಿಯಿಂದ ಕಾಣುತ್ತಿತ್ತು, ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಹಣೆಯ ಮೇಲೆ ಬೆವರು ಬಂದಿತ್ತು, ಬೆವರು ಎಲ್ಲರಿಗೂ ಬರುತ್ತದೆ, ಅವಳು ಎಂದಿನಂತೆ ಹತ್ತಿಯಿಂದ ಒರೆಸಲಿಲ್ಲ. ಶೆಡ್ಡಿನ ಬಾಗಿಲಿಗೆ ಕಿವಿ ಹಚ್ಚಿದ್ದು ನೆನಪಾಯಿತು, ತಗಡು ಕಿವಿಗೆ ಚುರ್ ಎಂದದ್ದು. ಅಪ್ಪನನ್ನು ಬಿಟ್ಟು ಅವಳು ಯಾಕೆ ಪಡಸಾಲೆಯ ಮೆಟ್ಟಿಲ ಕಡೆ ಬಂದಳೋ. ನೆರಳಿತ್ತೆಂದು ಬಂದಿರಬೇಕು. ಅವನು ಗೋಣಿಚೀಲದಿಂದ ಒಂದು ಮುಷ್ಟಿ ಮಣೂಕ ತೆಗೆದು, ತಿನ್ನ ತಂಗಿ, ಎಂದು ಅವಳ ಬೊಗಸೆಗೆ ಹಾಕಿದ. ಅವಳು ತಿಂದಳು. ಇದನ್ನು ಅವಳು ಯಾರಿಗೂ ಹೇಳಿಲ್ಲ, ಅವ್ವನಿಗೂ ಇಲ್ಲ. ಒಂದೊಂದಾಗಿ, ತೊಟ್ಟು ಬಿಡಿಸಿ ಉಗುಳುತ್ತ, ಅಪ್ಪ ಬಾಗಿಲು ಬಡಿಯುವುದನ್ನು ನೋಡುತ್ತ ತಿಂದಳು. ಸಿಹಿಯಾಗಿದ್ದವು. ಮುಗಿದ ಮೇಲೆ ಅಂಟಿದ ಅಂಗೈ ನೆಕ್ಕಿದಳು. ಮೂರು ಗಂಟೆಗೆ ಕೀಲಿ ತೆಗೆದಾಗ ಬಾಗಿಲಿಗೆ ಒತ್ತಿಕೊಂಡಿದ್ದವು ಹೊರಗೆ ಉರುಳಿದವು. ಮೂವತ್ತೊಂದು ಸತ್ತಿದ್ದವು. ಮರಿಗಳು ಎಲ್ಲಕ್ಕಿಂತ ಅಡಿಯಲ್ಲಿದ್ದವು. ಅಪ್ಪ ಅಳಲಿಲ್ಲ, ಒಂದೊಂದರ ಬಳಿಗೂ ಕುಕ್ಕರಗಾಲಿನಲ್ಲಿ ಸರಿದು ಕಿವಿ ಹಿಡಿದು ನೋಡಿದ, ಎಲ್ಲ ಕಿವಿಗಳೂ ಇನ್ನೂ ಬಿಸಿಯಿದ್ದವು, ಅದಕ್ಕೇ ಅವನಿಗೆ ಯಾವುದು ಸತ್ತಿದೆ ಯಾವುದು ಬದುಕಿದೆ ಎಂದು ಗೊತ್ತಾಗಲಿಲ್ಲ. ಅಂಥ ಜಾಣ ಕುರುಬನಿಗೆ ಗೊತ್ತಾಗಲಿಲ್ಲ. ಅವಳಿಗೆ ಈಗಲೂ ಮಣೂಕ ಎಂದರೆ ಬಾಯಲ್ಲಿ ನೀರೂರುತ್ತದೆ, ಹಿಂದೆಯೇ ವಾಂತಿ ಬಂದಂತಾಗುತ್ತದೆ. ಯಾರ ಮನೆಯ ಪಾಯಸದಲ್ಲೂ ಅದನ್ನು ಆರಿಸಿ ಹೊರಗಿಡುತ್ತಾಳೆ, ನೋಡಿದವರು ಶ್ರೀಮಂತರ ಮನೆಯ ಹುಡುಗಿಯ ಸೋಗು ಎನ್ನುತ್ತಾರೆ.

"ಹೆಂಗ ಅನಸ್ತೈತ್ರಿ?" ಈ ಸಲ ಅವಳ ಧ್ವನಿ ಏರಿತು. "ಸುಡ್ತೈತೇನ್ರಿ? ಸುಟ್ರ ಹೇಳ್ಬೇಕ್ರಿ. ಬಾಯಿ ಬಿಟ್ಟ ಹೇಳಿದ್ರ ನಾ ಈಗ ಬಂದ ಮಾಡ್ತೇನಿ."

"ನಡೀತೈತಿ ತಂಗಿ. ನಿನ್ನ ಕೆಲಸಾ ನೀ ಮಾಡ."

ನಲವತ್ತು, ನಲವತ್ತೈದು, ಐವತ್ತು. ಅವಳು ಕೇಳುತ್ತ ಹೋದಳು, ಅವನು ಅದೊಂದೇ ಮಾತು ಕೊಡುತ್ತ ಹೋದ. ಕೊನೆಗೆ ಬೇಡಿಕೊಳ್ಳುತ್ತಿರುವವಳು ತಾನೇ ಎಂದು ಅವಳಿಗೆ ಹೊಳೆದಾಗ ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ಅಂದು ರುಮಾಲು ಬಿಚ್ಚಿಟ್ಟವನ ಮಗಳು ಇಂದು ಗುಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರೂ ಮತ್ತೆ ಅವನ ಬಾಯನ್ನೇ ಕಾಯುತ್ತಿದ್ದಾಳೆ. ಎದ್ದು ಹೋಗಿ ಆ ತಾಯತವನ್ನು ಕಿತ್ತೆಸೆಯಬೇಕೆನಿಸಿತು, ಕರುಣೆಯಿಂದಲ್ಲ, ಸೋಲು ತಡೆಯಲಾರದೆ. ಎದ್ದರೆ ಅವನು ಗೆದ್ದಂತೆ. ಹೀಗೆ ಯೋಚಿಸುತ್ತಲೇ ಉಳಿದ ಹತ್ತು ನಿಮಿಷವೂ ಹೋದವು. ತಾಸು ಮುಗಿದ ಗಂಟೆ ಬಾರಿಸಿತು, ತಟ್ಟೆಯ ಗುಂಯ್‌ಗುಡುವ ಸದ್ದು ನಿಂತಿತು. ಪರದೆ ತನ್ನ ಪಾಡಿಗೆ ತಾನು ಸರಾಸರಿ ನಲವತ್ತೆರಡು ಪಾಯಿಂಟ್ ಎರಡು ಎಂದು ತೋರಿಸಿ, ಉತ್ತಮ ಎಂಬರ್ಥದ ಹಸಿರು ಗುರುತು ಹಾಕಿತು.

ಅವಳು ತಟ್ಟೆ ಎತ್ತಿದಳು, ಚೀಲ ಸರಿಸಿದಳು. ತಾಯತದ ಅಡಿಯ ಚರ್ಮ ಬೆಳ್ಳಗೆ ಉಬ್ಬಿ ಹುಣಸೆಬೀಜದಷ್ಟು ದೊಡ್ಡ ಬೊಬ್ಬೆ ಎದ್ದಿತ್ತು, ಸುತ್ತ ಕೆಂಪು. ಕೈಗವಸಿನ ಬೆರಳಿಂದ ದಾರ ಎತ್ತುವಾಗ ತಾಮ್ರ ಇನ್ನೂ ಬಿಸಿಯಿತ್ತು. ಇಷ್ಟೇ? ಎಂದು ಅವಳ ಮನಸ್ಸು ಕೇಳಿತು. ಮೂವತ್ತೊಂದು ಜೀವಕ್ಕೆ ಇಷ್ಟೇ ಇಷ್ಟು.

"ಮಲಕಾರಿ ಹೆಂಗದಾನ?" ಎಂದ ಮುರಗೆಪ್ಪ.

ಅವಳ ಕೈಯಲ್ಲಿದ್ದ ದಾರ ಹಾಗೇ ನಿಂತಿತು.

"ಮೊದಲನೇ ದಿನಾನ ಗುರ್ತ ಹಿಡದೇನಿ ನಿನ್ನ. ಹುಬ್ಬ ಅವನವ ಅದಾವು." ಅವನು ಮಲಗಿದಲ್ಲಿಂದಲೇ ಮೇಲಿನ ಛಾವಣಿ ನೋಡುತ್ತ ಹೇಳಿದ, ದನಿ ಸಣ್ಣಗಿತ್ತು, ಆದರೆ ಸ್ವಲ್ಪವೂ ನಡುಗುತ್ತಿರಲಿಲ್ಲ. "ನೀ ತಾಯತ ನೋಡಿದ್ದೂ ಗೊತ್ತೈತಿ. ಎದ್ದಿ, ಮತ್ತ ಕುಂತಿ. ಖುರ್ಚಿ ಸಪ್ಪಳ ಕೇಳ್ಯೇನಿ. ಸುಡತಿತ್ತು ತಂಗಿ, ಸುಳ್ಳ ಯಾಕ ಹೇಳ್ಲಿ, ಜೀವಾ ಹೋಗುವಷ್ಟ ಸುಡತಿತ್ತು. ಸುಡ್ಲಿ ಅಂದೆ. ಈ ಗಂಟ ಬಂದಾಗಿಂದ ನನಗ ಆ ಶೆಡ್ಡಿನ ಸಪ್ಪಳಾನ ಕೇಳಾಕತ್ತಿತ್ತು. ಇದೊಂದ ಬೇಕಾಗಿತ್ತ ನನಗ. ಅದೂ ನಿನ್ನ ಕೈಲೆ." ಒಂದು ಉಸಿರು ಬಿಟ್ಟ. "ಈಗ ಹೊಟ್ಟಿ ತಣ್ಣಗಾತ ನೋಡ. ನಿಮ್ಮಪ್ಪಗ ಹೇಳ, ಮುರಗೆಪ್ಪ ಸುಟಗೊಂಡ ಅಂತ."

ಅವಳು ಅವನ ಮುಖ ನೋಡಿದಳು. ನಾಲ್ಕು ಸಲದಲ್ಲಿ ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಬೆವರೊಡೆದ ಆ ಅಗಲ ಹಣೆಯ ಮೇಲೆ ಒಂದು ಗೆರೆ ಕೂಡ ಇರಲಿಲ್ಲ. ಸಂತೆ ಮುಗಿಸಿ, ಹೊಟ್ಟೆ ತುಂಬ ಉಂಡು ಮಲಗಿದವನ ಹಾಗೆ ಇದ್ದ. ಹೊಟ್ಟೆ ತಣ್ಣಗಾಗಬೇಕಾದದ್ದು ಯಾರದು? ಅವನದು ಆಯಿತು, ಅವಳದು ಉರಿಯುತ್ತಲೇ ಇದೆ. ಹದಿನಾಲ್ಕು ವರ್ಷ ಒಳಗೊಳಗೇ ಸಾಕಿದ ಸೇಡನ್ನು ಅವಳು ಕೊಟ್ಟಳು, ಅವನು ಅದನ್ನು ಔಷಧದ ಹಾಗೆ ತೆಗೆದುಕೊಂಡ. ಗಂಟಿಗೂ ಶೇಕ, ಪಾಪಕ್ಕೂ ಶೇಕ, ಎರಡೂ ಒಂದೇ ತಾಸಿನಲ್ಲಿ, ಕೊಟ್ಟವಳು ಅವಳೇ. ತಾನೇ ಶಿಕ್ಷೆ ಗೊತ್ತುಮಾಡಿ, ತಾನೇ ಅನುಭವಿಸಿ, ತಾನೇ ಮುಗಿಯಿತು ಎಂದುಬಿಟ್ಟ. ಮಲಕಾರಿಯನ್ನು ಯಾರೂ ಕೇಳಲಿಲ್ಲ, ಆಗಲೂ ಕೇಳಲಿಲ್ಲ, ಈಗಲೂ ಕೇಳಲಿಲ್ಲ. ಒಂದು ಹುಣಸೆಬೀಜ. ಹದಿನೈದು ದಿನಕ್ಕೆ ಮಾಯುತ್ತದೆ.

ಬಾಗಿಲು ತೆರೆದು ಡಾಕ್ಟರ್ ಶೀತಲ ಬಂದರು, ಹಿಂದೆಯೇ ಸೆರಗು ಸರಿಮಾಡಿಕೊಳ್ಳುತ್ತ ಕಸ್ತೂರೆವ್ವ. ಡಾಕ್ಟರು ಪರದೆ ನೋಡಿ ಭಲೆ ಎಂದರು, ಕೊರಳು ನೋಡಿ ಮುಖ ಬದಲಿಸಿದರು. "ಇದೇನಿದು? ಏನಾತು ಸೋನಾಲಿ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಮುರಗೆಪ್ಪ ಹೇಳಿದ. "ಹುಡಿಗಿದೇನೂ ತಪ್ಪಿಲ್ರಿ ಡಾಕ್ಟರ್ರ. ಆಕಿ ಕೇಳಿದ್ಲು, ನಾನ ಇಲ್ಲ ಅಂದೆ. ತಾಯತ ಮುಚ್ಚಿಟಗೊಂಡಿದ್ದೆ. ಸುಟ್ಟಿದ್ದೂ ಹೇಳಲಿಲ್ಲ, ನೋಡ್ರಿ ಬೇಕಾದ್ರ ಕಾಗದಾ, ಎಲ್ಲಾ ಕಡೆ ನಡೀತೈತಿ ಅಂದೇನಿ."

"ಅಯ್ಯ ನನ್ನ ಶಿವನ!" ಕಸ್ತೂರೆವ್ವ ಹಣೆ ಬಡಿದುಕೊಂಡಳು. "ನಾನ ಕಟ್ಟಿದ್ದರಿ ಅದನ್ನ, ತಗೀಬ್ಯಾಡ್ರಿ ಅಂದಾಕಿ ನಾನ. ನನ್ನ ಕೈಯಾರೆ ಸುಟ್ಟೇನಿ ನಿಮ್ಮನ್ನ!"

"ಅಳಬ್ಯಾಡ್ರಿ ಮಾವಶಿ, ಸಣ್ಣ ಗಾಯ ಇದು, ಮುಲಾಮ ಹಚ್ಚತೇವಿ, ಮಾಯತೈತಿ," ಎಂದು ಡಾಕ್ಟರು ಮೇಜಿನ ಮೇಲಿನ ಫಾರ್ಮನ್ನು ಎಳೆದುಕೊಂಡರು. "ಆದ್ರ ನಾ ಇದನ್ನ ವರದಿ ಮಾಡ್ಬೇಕಾಗ್ತೈತಿ. ರೋಗಿ ಲೋಹ ಮುಚ್ಚಿಟ್ಟಿದ್ದರಿಂದ ಅಂತ ಬರೀತೇನಿ. ಸೋನಾಲಿ, ನಿಂದೇನೂ ಇಲ್ಲ ಇದರಾಗ, ಹೆದರಬ್ಯಾಡ."

ಮುರಗೆಪ್ಪ ಕಣ್ಣು ಮುಚ್ಚಿದ್ದ. ತುಟಿಯ ಕೊನೆಯಲ್ಲಿ ನಗುವಿನಂಥದ್ದು ಇತ್ತು. ಕಾಪಾಡಿದವನ ನಗು. ಈಗ ಅವಳ ನೌಕರಿಯನ್ನೂ ಅವನೇ ಉಳಿಸಿಕೊಟ್ಟಿದ್ದಾನೆ, ಇನ್ನು ಮೇಲೆ ಅವಳು ದಿನಾ ಈ ಖೋಲಿಗೆ ಬಂದು ಅವನು ಕೊಟ್ಟ ನೌಕರಿಯನ್ನು ಮಾಡಬೇಕು. ಸುಮ್ಮನಿದ್ದರೆ ಸಾಕು. ಸುಮ್ಮನಿದ್ದರೆ ಮನೆಯಲ್ಲಿ ಅವ್ವನ ಒಲೆ ಉರಿಯುತ್ತದೆ, ಹೆಸರು ಉಳಿಯುತ್ತದೆ, ಬೊಬ್ಬೆ ಒಣಗುತ್ತದೆ, ಅವನು ಪುಣ್ಯವಂತನಾಗಿ ದಿಗ್ಗೇವಾಡಿಗೆ ಹೋಗುತ್ತಾನೆ. ಅವಳು ಕೈಗವಸು ಕಿತ್ತು ಬುಟ್ಟಿಗೆ ಎಸೆದಳು.

"ಸರ್, ಹಂಗ ಬರೀಬ್ಯಾಡ್ರಿ."

ಡಾಕ್ಟರು ತಲೆಯೆತ್ತಿದರು.

"ಅವರು ಮುಚ್ಚಿಟ್ಟಿದ್ದರಿಂದ ಅಲ್ಲ. ಹನ್ನೆರಡನೇ ನಿಮಿಷಕ್ಕ ತಾಯತ ಹೊರಗ ಬಂತು, ನಾ ನೋಡ್ಯೇನಿ. ನೋಡಿ ಬಿಟ್ಟೆ. ನಲವತ್ತೆಂಟ ನಿಮಿಷ, ಬೇಕಂತ." ಧ್ವನಿ ತನ್ನದೇ ಎಂದು ಅವಳಿಗೆ ನಂಬಿಕೆಯಾಗದಷ್ಟು ಸ್ಪಷ್ಟವಾಗಿತ್ತು. "ಅವರು ಸುಟಗೊಂಡಿಲ್ಲ ಸರ್. ನಾ ಸುಟ್ಟೇನಿ. ನನ್ನ ಹೆಸರಲೆ ಬರೀರಿ."

ಮುರಗೆಪ್ಪನ ಕಣ್ಣು ತೆರೆದವು. ಮೊಣಕೈಯೂರಿ ಅರ್ಧ ಎದ್ದ. "ಸುಳ್ಳ ಹೇಳಾಕತ್ತಾಳ್ರಿ ಆಕಿ... ತಂಗೀ, ಹುಚ್ಚಿ, ಸುಮ್ಮನಿರ... ಎಲ್ಲಾ ಮುಗದೈತಿ ಅಲಾ, ಯಾಕ ಮತ್ತ ಕೆದಕತಿ?"

"ಬೇಕಂತ?" ಕಸ್ತೂರೆವ್ವ ಅಳು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ತಿಳಿಯದ ಗೋಳಾಟವಿತ್ತು. "ಬೇಕಂತ ಯಾಕವ್ವಾ? ನಾವ ಏನ ಮಾಡೇವಿ ನಿನಗ? ನಮ್ಮವರು ಏನ ಮಾಡ್ಯಾರು?"

ಹೇಳಲು ಎಲ್ಲವೂ ಅವಳ ನಾಲಿಗೆಯ ತುದಿಗೆ ಬಂದಿತ್ತು. ತಗಡು, ಕೀಲಿಕೈ, ಅಡಿಯಲ್ಲಿ ಸಿಕ್ಕ ಮರಿಗಳು. ಹೇಳಿದರೆ ಅವನ ಕೆಲಸ ಹಗುರಾಗುತ್ತದೆ, ಹೌದು ಎಂದು ಒಮ್ಮೆ ಗೋಣು ಹಾಕಿ ಮಲಗಿಬಿಡುತ್ತಾನೆ.

"ಅವರನ್ನ ಕೇಳ್ರಿ ಮಾವಶಿ. ಅವರ ಬಾಯಿಲೆ ಕೇಳ್ರಿ."

ಕಸ್ತೂರೆವ್ವ ಗಂಡನ ಕಡೆ ತಿರುಗಿದಳು. ಡಾಕ್ಟರರ ಪೆನ್ನು ಕಾಗದದ ಮೇಲೆ ನಿಂತಿತ್ತು. ಮುರಗೆಪ್ಪ ಹೆಂಡತಿಯ ಮುಖ ನೋಡಿದ, ಗೋಡೆ ನೋಡಿದ, ಮತ್ತೆ ಹೆಂಡತಿಯ ಮುಖ ನೋಡಿದ. ಹಣೆಯ ಮೇಲೆ ಗೆರೆಗಳು ಒಂದೊಂದಾಗಿ ಮೂಡತೊಡಗಿದವು.

ಸೋನಾಲಿ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಅವಳಿಗೆ ಗಡಿಬಿಡಿ ಏನೂ ಇರಲಿಲ್ಲ.